ಕೆಮ್ಮುವ ಟ್ರಾಕ್ಟರಿಗೆ ಗೊಟ್ಟ

30 ಜೂನ್ 1947, ಸೋಮವಾರ. ಜಾವಗಲ್

ಸೋಮವಾರ ಎತ್ತು ಹೂಡುವಂತಿಲ್ಲ. ಟ್ರಾಕ್ಟರಿಗೂ ಅದೇ ಕಾನೂನು, ಅಣ್ಣ ಕೆಂಚಪ್ಪನ ಅಪ್ಪಣೆ. ನನಗೂ ಒಳ್ಳೆಯದೇ — ಗ್ರೀಸ್, ಬೋಲ್ಟ್, ಪ್ಲಗ್ ಎಲ್ಲಾ ಇವತ್ತೇ. ಆಯಿಲ್ ಬದಲಾಯಿಸಿದೆ. ಅಣ್ಣ ದೂರದಿಂದ ನೋಡುತ್ತಿದ್ದ.

ಅರೇಹಳ್ಳಿಯ ಕಾಫಿ ತೋಟದವರು ದುಡಿಸಿ ಬಿಟ್ಟ ಪುಟ್ಟ ಗಾಡಿ. ಹೀಗೇ ನೋಡಿಕೊಂಡರೆ ಇನ್ನೂ ಹತ್ತು ವರ್ಷ ಎಳೆಯುತ್ತದೆ. ಅಣ್ಣ ನಂಬಲ್ಲ. ಅವನ ಜೋಡೆತ್ತು ಮಾರಿ ತಂದದ್ದಲ್ಲವೆ... ಇವತ್ತಿನವರೆಗೂ ಸೀಟು ಹತ್ತಿಲ್ಲ.

"ರಾಗಿ ಬಿತ್ನೇಲಿ ಇದು ಕೈಕೊಟ್ರೆ ಗುಜರಿಗೆ ಹಾಕಿ ಎತ್ತು ತತ್ತೀನಿ ಕಣ್ಲಾ ಲಕ್ಕ."

ಹಾಕುತ್ತಾನೆ. ಹೇಳಿದ್ದನ್ನು ಮಾಡುವ ಆಸಾಮಿ.

6 ಜುಲೈ, ಭಾನುವಾರ

ಉಳುವಾಗ ಕೆಮ್ಮಿತು. ಎರಡು ಸಲ ನಿಂತಿತು. ಗಾಡಿಗೆ ಹಾಕುವ ಕಂಟ್ರೋಲ್ ಸೀಮೆಎಣ್ಣೆ ಬರೀ ಗಲೀಜು. ಪ್ಲಗ್ಗೂ ಹೋಗಿದೆ. ಅಣ್ಣ ಬದುವಿನ ಮೇಲೆ ನಿಂತು ನೋಡಿ ಮನೆಗೆ ಹೊರಟುಬಿಟ್ಟ. ಬೈದಿದ್ದರೆ ವಾಸಿಯಿತ್ತು. ನಾಳೆ ಪ್ಲಗ್ ತರಲು ಅರಸೀಕೆರೆಗೆ.

8 ಜುಲೈ, ಮಂಗಳವಾರ. ಬೆಳಿಗ್ಗೆ

ರಾತ್ರಿ ಮಳೆ. ಹೊಲ ಹದವಾಗಿದೆ. ಪ್ಲಗ್ ಹಾಕಿದೆ. ಸ್ಟಾರ್ಟ್ ಮಾಡುವ ಮುಂಚೆ ಆಯಿಲ್ ಮಟ್ಟ ನೋಡುವ ಕಡ್ಡಿ ಎಳೆದೆ — ಗುರುತಿಗಿಂತ ಎಷ್ಟೋ ಮೇಲೆ! ಮೂಸಿದೆ. ಬೆಳ್ಳುಳ್ಳಿ. ಮೆಣಸು. ಬೆರಳಿಗೆ ತರಿ ತರಿ. ಹಾಗೇ ಹ್ಯಾಂಡಲ್ ಹೊಡೆದಿದ್ದರೆ ಬೇರಿಂಗು ಮುಗಿದೇಹೋಗುತ್ತಿತ್ತು.

ಪಕ್ಕದಲ್ಲೇ ಬಿದಿರಿನ ಗೊಟ್ಟ. ಎತ್ತುಗಳಿಗೆ ಔಷಧಿ ಕುಡಿಸುತ್ತಿದ್ದದ್ದು. ಅವು ಹೋದ ಮೇಲೆ ಯಾರೂ ಮುಟ್ಟಿರಲಿಲ್ಲ. ಈಗ ಒಳಗೆಲ್ಲಾ ಹಸಿ ಜಿಡ್ಡು.

ಅಣ್ಣ ಬೇಕೆಂದೇ ಗಾಡಿ ಕೊಲ್ಲಲು ನೋಡಿದ ಅಂದುಕೊಂಡೆ. ಮೈಯೆಲ್ಲಾ ಉರಿದುಹೋಯಿತು. ಜಗಲಿಗೆ ನುಗ್ಗಿ ಕೂಗಿದೆ.

"ಮಾರೋದಾದ್ರೆ ಮಾರಣ್ಣ! ವಿಷ ಯಾಕ್ ಹಾಕ್ದೆ?"

ಅಣ್ಣ ತಬ್ಬಿಬ್ಬು. "ವಿಸ ಏನ್ಲಾ? ಎಳ್ಳೆಣ್ಣೇಲಿ ಮೆಣಸು ಬೆಳ್ಳುಳ್ಳಿ ಅರೆದು, ನೀನು ಎಣ್ಣೆ ಹುಯ್ತಿದ್ದ ಬಾಯಿಗೇ ಹುಯ್ದೆ. ಕೆಮ್ತಿತ್ತಲ್ಲ! ಎತ್ತು ಕೆಮ್ಮಿದ್ರೆ ಇನ್ನೇನ್ ಹಾಕ್ತಿದ್ದೆ?"

"ನನ್ ಕೈಲಿ ಅರೆಸ್ನಿಲ್ಲ ಕಣಪ್ಪ, ತಾವೇ ಕುಂತು ಅರೆದ್ರು," ಒಳಗಿಂದ ಅತ್ತಿಗೆ ಮಾದಮ್ಮ.

ನಾಚಿಕೆಯಾಯಿತು. ಸಿಟ್ಟೂ ಪೂರ್ತಿ ಇಳಿಯಲಿಲ್ಲ.

ಮಧ್ಯಾಹ್ನ

ಆಯಿಲ್ ಇಳಿಸಿ ಸೀಮೆಎಣ್ಣೆಯಲ್ಲಿ ತೊಳೆದೆ. ಮತ್ತೆ ತೊಳೆದೆ. ಅಣ್ಣ ಕೆಳಗೆ ಬೋಗುಣಿ ಹಿಡಿದು ಕೂತ, ತನ್ನ ಪಂಚೆಯಲ್ಲೇ ಸೋಸಿ ನೋಡುತ್ತಿದ್ದ.

"ಇನ್ನೂ ಬತ್ತೈತೆ ಕಣೋ. ತೊಳಿ."

ಕೊನೆಗೆ ತಿಳಿಯಾಯಿತು. ಉಳಿದ ಒಂದೇ ಡಬ್ಬಿ ಆಯಿಲ್ ಸುರಿದಿದ್ದೇನೆ. ಮತ್ತೆ ತೊಳೆಯಲು ಸೀಮೆಎಣ್ಣೆಯೂ ಸಾಲದು. ಮೂಲೆಯಲ್ಲೆಲ್ಲೋ ತರಿ ಉಳಿದಿದ್ದರೆ... ಹೊಲ ಬೇರೆ ಆರುತ್ತಿದೆ.

ಸಂಜೆ

ಹ್ಯಾಂಡಲ್ ಹೊಡೆದೆ. ಇಲ್ಲ. ಮತ್ತೆ — ಕೆಮ್ಮಿತು. ಮತ್ತೆ — ಹಿಡಿಯಿತು! ಉಸಿರು ಬಿಗಿಹಿಡಿದು ಕೇಳಿದೆ. ಬೇರಿಂಗಿನ ಟಕಟಕ ಇಲ್ಲ. ಬದುಕಿತು. ಅಣ್ಣ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಿದ್ದ, ಬಿಸಿಯಾದರೂ ತೆಗೆಯಲಿಲ್ಲ.

ನಾನು ಹಾಗೆ ಕೂಗಬಾರದಿತ್ತು.

9 ಜುಲೈ, ಬುಧವಾರ. ಹೊಲದಲ್ಲಿ

ಬೆಳಗಿನಿಂದ ಉಳುಮೆ. ಒಮ್ಮೆಯೂ ನಿಂತಿಲ್ಲ. ಎಂಜಿನ್ ಆರಿಸದೆ ಗಂಜಿ ಕುಡಿಯಲು ಹುಣಸೆಮರದ ಕೆಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಅಣ್ಣ ಗಾಡಿಯ ಸುತ್ತ ತಿರುಗುತ್ತಿದ್ದಾನೆ, ಮಡ್‌ಗಾರ್ಡ್ ಸವರುತ್ತಿದ್ದಾನೆ. ಇನ್ನು ಗುಜರಿಯ ಮಾತು ಎತ್ತಲಾರ.

ಅಯ್ಯೋ — ಸೀಟು ಹತ್ತಿದ! ನಾನು ಮಾಡುವಂತೆಯೇ ಗೇರು ದೂಡಿ, ಕಾಲಿನಲ್ಲಿ ಏನನ್ನೋ ಒತ್ತಿ ಬಿಟ್ಟ. ಹೊರಟೇಬಿಟ್ಟಿತು! ನಗುತ್ತಿದ್ದಾನೆ, ಹಲ್ಲೆಲ್ಲಾ ಕಾಣುತ್ತಿದೆ. ಬದು ಬಂತು. "ಹೋ... ಹೋ ಹೋ..." ಅನ್ನುತ್ತಿದ್ದಾನೆ, ಎತ್ತು ನಿಲ್ಲಿಸುವ ಹಾಗೆ. ಬ್ರೇಕ್ ಯಾವುದೆಂದು ನಾನು ಹೇಳಿಕೊಟ್ಟೇ —