ಹದಿನಾಲ್ಕನೆಯ ಸಾಲಿನ ಸಹಿ

ಆರೋಗ್ಯ ಇಲಾಖೆಯ ಮಾನ್ಯ ನಿರ್ದೇಶಕರೇ,

ತಮ್ಮ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರದಲ್ಲಿ ಹದಿನಾಲ್ಕನೆಯ ಸಾಲೊಂದಿದೆ: 'ರೋಗಿ ವಿವಾಹಿತ ಮಹಿಳೆಯಾಗಿದ್ದಲ್ಲಿ ಪತಿಯ ಸಹಿ ಕಡ್ಡಾಯ.' ಆ ಒಂದು ಸಾಲಿಗಾಗಿ ನನ್ನ ತಂಗಿ ಐದೂವರೆ ಗಂಟೆ ರಕ್ತ ಹರಿಸುತ್ತಾ ಮಲಗಿದ್ದಳು. ಆ ಸಾಲನ್ನು ಅಚ್ಚಿಗೆ ಜೋಡಿಸಿದವಳು ನಾನೇ. ತಮ್ಮ ಇಲಾಖೆಯ ಫಾರಂಗಳನ್ನು ಮುದ್ರಿಸುವ ಪ್ರೆಸ್ಸಿನಲ್ಲಿ ಹನ್ನೊಂದು ವರ್ಷದಿಂದ ನನ್ನ ಕೆಲಸ. ಹಾಗಾಗಿ ಈ ಪತ್ರದ ಬೈಗುಳದಲ್ಲಿ ಅರ್ಧ ಪಾಲು ನನಗೂ ಇದೆ. ಎಲ್ಲವೂ ತಮಗೇ ಎಂದು ಬೀಗಬೇಡಿ.

ತಂಗಿ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಅವಳ ಸಹಿ ಬಿದ್ದರೆ ನಾನೂರು ಮಕ್ಕಳು ಮುಂದಿನ ತರಗತಿಗೆ ಹೋಗುತ್ತಾರೆ. ಅಂದು ತರಗತಿಯಲ್ಲೇ ಕುಸಿದವಳನ್ನು ಶಾಲೆಯ ಕಾವಲುಗಾರರೊಬ್ಬರು ಹತ್ತು ಗಂಟೆಗೆಲ್ಲ ಆಸ್ಪತ್ರೆಗೆ ತಂದರು, ನಾನೂ ಓಡಿಬಂದೆ. ಗರ್ಭಕೋಶದಲ್ಲಿ ಗಡ್ಡೆ, ನಿಲ್ಲದ ರಕ್ತಸ್ರಾವ. ಈಗಲೇ ಕೊಯ್ದರೆ ಗರ್ಭಕೋಶ ಉಳಿದೀತು ಎಂದರು ವೈದ್ಯೆ. ತಂಗಿಗೆ ಪೂರ್ಣ ಎಚ್ಚರವಿತ್ತು. ಪೆನ್ನು ಕೇಳಿ ಪಡೆದು ಸಹಿ ಹಾಕಿದಳು. ನರ್ಸಮ್ಮ ಹದಿನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟರು. ಅವಳ ಗಂಡ ನಡುಗಡಲಿನಲ್ಲಿ, ಹಡಗಿನ ಎಂಜಿನ್ ಕೋಣೆಯಲ್ಲಿ. ಫೋನು ಎಲ್ಲಿಂದ ಸಿಗಬೇಕು? ವೈದ್ಯೆ ಎಷ್ಟು ಬೇಡಿಕೊಂಡರೂ ಆಡಳಿತಾಧಿಕಾರಿ ಜಪ್ಪಯ್ಯ ಅನ್ನಲಿಲ್ಲ.

"ನನ್ನ ಹೊಟ್ಟೆ ಕೊಯ್ಯೋಕೆ ನಾನು ಒಪ್ಪಿದ್ರೆ ಸಾಲದಾ?" ಎಂದು ತಂಗಿ ಕೇಳಿದಳು.

"ನಮ್ಮ ಕೈಲಿ ಏನಿದೆಯಮ್ಮ, ಫಾರಂನಲ್ಲೇ ಹಾಗಿದೆ" ಎಂದ ನರ್ಸಮ್ಮನ ಕಣ್ಣಲ್ಲೂ ನೀರಿತ್ತು.

ಮೂರೂವರೆಗೆ ನಾನು ತಲೆಕೆಟ್ಟು ಶಾಲೆಯ ಆ ಕಾವಲುಗಾರರ ಕೈಗೆ ಪೆನ್ನು ಕೊಟ್ಟೆ. ಅರವತ್ತು ದಾಟಿದ ಆ ಹಿರಿಯರು ಪತಿಯ ಜಾಗದಲ್ಲಿ ತಮ್ಮ ಹೆಸರು ಬರೆದರು. ಯಾರೂ ಏನೂ ಕೇಳಲಿಲ್ಲ, ಐದೇ ನಿಮಿಷದಲ್ಲಿ ಥಿಯೇಟರಿನ ಬಾಗಿಲು ತೆರೆಯಿತು. ಅಂದರೆ ದಾರಿಯಲ್ಲಿ ಹೋಗುವ ಯಾವ ಗಂಡಸಿನ ಸಹಿಯಾದರೂ ನಡೆಯುತ್ತಿತ್ತು, ಅವಳದೊಂದನ್ನು ಬಿಟ್ಟು. ಸುಳ್ಳು ಸಹಿ ಎಂದು ಕೇಸು ಹಾಕುವುದಾದರೆ ನನ್ನ ಮೇಲೆ ಹಾಕಿ. ತಂಗಿ ಬದುಕಿದಳು, ಗರ್ಭಕೋಶ ತೆಗೆಯಬೇಕಾಯಿತು. ಅವಳಿಗೆ ಮಕ್ಕಳಿರಲಿಲ್ಲ.

ಆ ಸಾಲು ಯಾವ ನಿಯಮದಲ್ಲಿದೆ ಎಂದು ಕೇಳಲು ತಮ್ಮ ಕಚೇರಿಗೆ ಬಂದಿದ್ದೆ. ಗುಮಾಸ್ತರು ಮೂರು ಬೀರು ತಡಕಾಡಿದರೂ ನಿಯಮ ಸಿಗಲಿಲ್ಲ. ಪ್ರತಿ ಬಾರಿಯೂ ಹಳೆಯ ಫಾರಂಗೆ 'ಹಿಂದಿನಂತೆ' ಎಂಬ ಚೀಟಿ ಚುಚ್ಚಿ ಕಳಿಸುತ್ತಿದ್ದಿರಿ, ನಾನು ಮಕ್ಕೀಕಾಮಕ್ಕಿ ಅಚ್ಚು ಹಾಕುತ್ತಿದ್ದೆ. ಇಬ್ಬರೂ ಓದಲಿಲ್ಲ. ತಾವು ಸಮಾಧಾನವಾಗಿಯೇ ಹೇಳಿದಿರಿ: "ಹಿಂದಿನಿಂದ ಬಂದದ್ದಮ್ಮ, ಇದುವರೆಗೆ ಯಾರೂ ಕೇಳಿರಲಿಲ್ಲ."

ಯಾರು ಕೇಳಬೇಕಿತ್ತು ಸ್ವಾಮಿ? ಫಾರಂಗಳಿಗೆ ಒಪ್ಪಿಗೆ ಕೊಡುವ ತಮ್ಮ ಮಹಿಳಾ ಆರೋಗ್ಯ ಸಮಿತಿಯಲ್ಲಿ ಏಳು ಜನ, ಏಳೂ ಗಂಡಸರು. ಅರ್ಹ ಮಹಿಳೆಯರು ಸಿಗಲಿಲ್ಲವಂತೆ. ಸಮಿತಿಯ ಸಭೆಯ ಆಮಂತ್ರಣ ಜೋಡಿಸಿದವಳೂ ನಾನೇ: ಸ್ವಾಗತಕ್ಕೆ ಒಬ್ಬ ಹೆಂಗಸು, ವಂದನಾರ್ಪಣೆಗೆ ಇನ್ನೊಬ್ಬಳು. ಬನ್ನಿ ಎನ್ನಲು, ಹೋಗಿಬನ್ನಿ ಎನ್ನಲು ಅರ್ಹರು ಸಿಗುತ್ತಾರೆ, ನಡುವೆ ಬಾಯಿ ತೆರೆಯಲು ಮಾತ್ರ ಸಿಗುವುದಿಲ್ಲವೇ? ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದ ಆ ವೈದ್ಯೆ ತಮ್ಮ ಕಣ್ಣಿಗೆ ಬೀಳಲಿಲ್ಲವೇ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಸುಮ್ಮನೆ ಹೇಳಿಲ್ಲ.

ಸೋಮವಾರ ಇಪ್ಪತ್ತು ಸಾವಿರ ಹೊಸ ಫಾರಂಗಳ ಆದೇಶ ಬಂದಿದೆ. ಮತ್ತದೇ ಚೀಟಿ, 'ಹಿಂದಿನಂತೆ'. ಈ ಸಲ ನಾನು ಹದಿಮೂರನೆಯ ಸಾಲಿಗೇ ನಿಲ್ಲಿಸಿದ್ದೇನೆ. ಜೊತೆಗೆ ಸಮಿತಿಯ ಅರ್ಧ ಸ್ಥಾನ, ಅಧ್ಯಕ್ಷರ ಕುರ್ಚಿಯೂ ಸೇರಿದಂತೆ, ಮಹಿಳೆಯರಿಗೆ ಎಂಬ ಆದೇಶವನ್ನೂ ಜೋಡಿಸಿಟ್ಟಿದ್ದೇನೆ. ಶನಿವಾರದವರೆಗೆ ಕಾಯುವುದಾಗಿ ಪ್ರೆಸ್ಸಿನ ಮಾಲೀಕರು ಹೇಳಿದ್ದಾರೆ. ಆಮೇಲೆ ಹಳೆಯ ಫಾರಂ ಅಚ್ಚಾಗಬಹುದು, ನನ್ನ ಕೈಯಿಂದಲ್ಲ. ಕೆಲಸ ಹೋದರೆ ಹೋಗಲಿ.

ಎರಡರ ಕರಡುಗಳೂ ಈ ಪತ್ರದೊಂದಿಗೆ ತಮ್ಮ ಮೇಜಿನ ಮೇಲಿವೆ. ಕೆಳಗೆ ಸಹಿಗೆ ಜಾಗ ಬಿಟ್ಟಿದ್ದೇನೆ. ತಮ್ಮ ಪತ್ನಿಯವರ ಸಹಿಗಾಗಿ ಕಾಯಬೇಕಿಲ್ಲ, ತಮ್ಮದೊಂದೇ ಸಾಕು.

ಇಂತಿ,
ಹನ್ನೊಂದು ವರ್ಷ ಓದದೆ ಅಕ್ಷರ ಜೋಡಿಸಿದ
ಒಬ್ಬಳು ಅಕ್ಕ