ಬಿಲ್ವದ ಕಾಯಿಯೂ ವೀಸಾ ಕಿಟಕಿಯೂ

ವೀಸಾ ಕಿಟಕಿಯ ಗಾಜಿನಾಚೆ ಕೂತಿರುವ ಮಾನ್ಯ ಅಧಿಕಾರಿಗಳೇ,

ನನ್ನ ಮೊಮ್ಮಗಳು ರಸಿಲಾ ನಿಮ್ಮ ದೇಶದಲ್ಲಿ ಮೂರು ವರ್ಷ ಓದಿ, ರಜೆ ಹಾಕಿ ನೇಪಾಳದ ಪಾಟನ್ನಿನ ನಮ್ಮ ಮನೆಗೆ ಬಂದಳು. ಈಗ ಅವಳನ್ನು ಮರಳಿ ಹೋಗಲು ನೀವು ಬಿಡುತ್ತಿಲ್ಲ. ಅವಳ ಅಪರಾಧವೆಂದರೆ, ನೀವು ಕೇಳಿದ್ದಕ್ಕೆ ನಿಜ ಹೇಳಿದ್ದು.

ಮೊದಲು ನಿಮ್ಮ ಕಾನೂನನ್ನು ಹೊಗಳಿಬಿಡುತ್ತೇನೆ. ನಾನು ಹೈಸ್ಕೂಲಿನವರೆಗೆ ಮಾತ್ರ ಓದಿದವಳು, ಅರ್ಥವಾಗಲು ತಡವಾಯಿತು. ನಿಮ್ಮ ದೇಶದೊಳಗೆ ಇರಲು ರಸಿಲಾಗೆ ಮುಂದಿನ ವರ್ಷದವರೆಗೂ ಅನುಮತಿ ಇದೆ. ಒಳಗೆ ಕಾಲಿಡುವ ಅನುಮತಿಯ ಅವಧಿ ಮಾತ್ರ ಮುಗಿದಿದೆ. ಅಂದರೆ ಮನೆಯ ನೆನಪು ಮಾಡದೆ ಅಲ್ಲೇ ಉಳಿದಿದ್ದರೆ ಅವಳು ಒಳ್ಳೆಯ ವಿದ್ಯಾರ್ಥಿನಿ. ಮನೆಯವರನ್ನು ನೋಡಲು ಬಂದದ್ದರಿಂದ ಅನುಮಾನಕ್ಕೆ ಪಾತ್ರಳು. ಊಟದ ನಡುವೆ ನೀರಿಗೆಂದು ಎದ್ದವರು ಮತ್ತೆ ಕೂರುವ ಮುಂಚೆ ತಮಗೆ ಹಸಿವಿದೆಯೆಂದು ರುಜುವಾತು ಕೊಡಬೇಕು ಎಂದು ನಾನು ನನ್ನ ಅಡುಗೆಮನೆಯಲ್ಲಿ ನಿಯಮ ಮಾಡಿದ್ದರೆ, ಸೊಸೆಯಂದಿರು ನನ್ನನ್ನು ಹುಚ್ಚಾಸ್ಪತ್ರೆಗೆ ಸೇರಿಸುತ್ತಿದ್ದರು. ನಿಮ್ಮನ್ನು ರಾಯಭಾರ ಕಚೇರಿಗೆ ಸೇರಿಸಿದ್ದಾರೆ.

ಅಂದು ಕಿಟಕಿಯಲ್ಲಿ ನಡೆದದ್ದನ್ನು ನೆನಪಿಸುತ್ತೇನೆ. ದಿನವೂ ಅಷ್ಟೊಂದು ಜನರನ್ನು ಬರಿಗೈಯಲ್ಲಿ ಕಳಿಸುವವರು ನೀವು, ಮರೆತಿರಬಹುದು. ಓದಿನ ನಡುವೆ ಊರಿಗೇಕೆ ಬಂದೆ ಎಂದು ಕೇಳಿದಿರಿ.

"ತಂಗಿ ಮದುವೆ ಇತ್ತು ಸಾರ್."

"ತಂಗಿಗೆ ವಯಸ್ಸೆಷ್ಟು?"

"ಎಂಟು."

ನಿಮ್ಮ ಪೆನ್ನು ಅಲ್ಲಿಗೇ ನಿಂತಿತಂತೆ. ಗಂಡು ಯಾರು ಎಂದಿರಿ.

"ಬಿಲ್ವದ ಕಾಯಿ ಸಾರ್."

ಇದು ತಮಾಷೆಯ ಜಾಗವಲ್ಲ ಎಂದು ಗದರಿ ಪಾಸ್‌ಪೋರ್ಟನ್ನು ಗಾಜಿನ ಕೆಳಗಿಂದ ಹೊರಗೆ ತಳ್ಳಿದಿರಿ. ಜೊತೆಗೊಂದು ಚೀಟಿ: ಹೇಳಿಕೆ ನಂಬಲರ್ಹವಲ್ಲ; ಓದು ಮುಗಿಸಿ ತಾಯ್ನಾಡಿಗೆ ಮರಳುತ್ತಾಳೆಂಬ ಭರವಸೆಯಿಲ್ಲ.

ಸ್ವಾಮೀ, ನಿಮ್ಮ ಕಚೇರಿ ಇರುವುದು ಕಠ್ಮಂಡುವಿನಲ್ಲಿ, ನಮ್ಮ ನೆವಾರ ಜನಾಂಗದವರ ನಡುವೆ. ನಮ್ಮಲ್ಲಿ ಹೆಣ್ಣುಮಗು ಮೈನೆರೆಯುವ ಮುಂಚೆ ಅದಕ್ಕೆ ಇಹಿ ಮಾಡುತ್ತೇವೆ. ಕೆಂಪು ಉಡಿಸಿ, ತಂದೆಯ ಕೈಯಿಂದ ಕನ್ಯಾದಾನ ಮಾಡಿಸಿ, ಬಿಲ್ವದ ಕಾಯಿಯಲ್ಲಿರುವ ದೇವರಿಗೆ ಮದುವೆ ಮಾಡಿ ಕೊಡುತ್ತೇವೆ. ಮದುಮಗಳು ಮಾರನೆಯ ದಿನ ಎಂದಿನಂತೆ ಚೀಲ ಹೊತ್ತು ಶಾಲೆಗೆ ಹೋಗುತ್ತಾಳೆ. ದೊಡ್ಡವಳಾದ ಮೇಲೆ ಮನುಷ್ಯನನ್ನು ಮದುವೆಯಾಗುತ್ತಾಳೆ. ಅವನು ಸತ್ತರೂ ಅವಳು ವಿಧವೆಯಲ್ಲ, ಮೊದಲ ಗಂಡ ಇದ್ದೇ ಇರುತ್ತಾನಲ್ಲ. ನನ್ನ ಮನೆಯವರು ತೀರಿಕೊಂಡಾಗ ನನ್ನ ಬಳೆಯ ಮಾತೆತ್ತಲು ಒಬ್ಬರಿಗೂ ಬಾಯಿ ಬರಲಿಲ್ಲ. ನನ್ನ ಕಿರಿಯ ಮಗನ ಮಗಳು ಯುನಿಷಾಳ ಇಹಿಗೆಂದೇ ರಸಿಲಾ ಬಂದದ್ದು. ಪಕ್ಕದ ಕಿಟಕಿಯಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗಿಯನ್ನು ಕೇಳಿದ್ದರೂ ಸಾಕಿತ್ತು. ಅವಳೂ ಬಿಲ್ವದ ಕಾಯಿಯ ಹೆಂಡತಿಯೇ ಇರಬೇಕು. ಆದರೆ ಕೇಳಿದರೆ ಅಧಿಕಾರಿಯ ಗೌರವ ಏನಾಗಬೇಕು?

ಇವಳು ಮರಳುವುದಿಲ್ಲ ಎನ್ನುತ್ತೀರಿ. ಎಂಟು ವರ್ಷದ ಹುಡುಗಿ ಒಂದು ಕಾಯಿಯನ್ನು ಮದುವೆಯಾಗುವುದನ್ನು ನೋಡಲು ಎರಡು ವಿಮಾನ ಬದಲಿಸಿ ಬಂದವಳು ಮರಳುವುದಿಲ್ಲವೇ? ಮರಳಿ ಬಂದದ್ದರಿಂದಲೇ ಅಲ್ಲವೇ ಅವಳು ನಿಮ್ಮ ಮುಂದೆ ನಿಂತಿದ್ದದ್ದು? ಅವಳು ಕಲಿಯುತ್ತಿರುವುದು ಭೂಕಂಪಕ್ಕೆ ಬೀಳದಂತೆ ಹಳೆಯ ಇಟ್ಟಿಗೆ ಮನೆಗಳನ್ನು ಗಟ್ಟಿ ಮಾಡುವ ವಿದ್ಯೆ. ಅಂಥ ಮನೆಗಳು, ಮರದ ತೊಲೆಗಳ ಆಸರೆಯಲ್ಲಿ ನಿಂತಿರುವಂಥವು, ನಿಮ್ಮ ದೇಶದಲ್ಲಿಲ್ಲ, ನಮ್ಮ ಓಣಿಯಲ್ಲಿವೆ. ಇದು ಅವಳ ಕೊನೆಯ ವರ್ಷ. ತರಗತಿ ಶುರುವಾಗುವುದರೊಳಗೆ ತಲುಪದಿದ್ದರೆ ಅವಳ ಸೀಟು ಇನ್ನೊಬ್ಬರಿಗೆ.

ಗುರುವಾರ ಅವಳು ಮತ್ತೆ ನಿಮ್ಮ ಕಿಟಕಿಗೆ ಬರುತ್ತಾಳೆ. ವೀಸಾ ಸಲಹೆ ಕೊಡುವವನೊಬ್ಬ ಈಗಾಗಲೇ ಪಾಠ ಹೇಳಿಕೊಟ್ಟಿದ್ದಾನೆ: ಈ ಸಲ ತಂಗಿಯ ಹುಟ್ಟುಹಬ್ಬಕ್ಕೆ ಬಂದಿದ್ದೆ ಅನ್ನು, ಸಾಹೇಬರಿಗೆ ಕೇಕ್ ಅರ್ಥವಾಗುತ್ತದೆ. ಹುಡುಗಿ ನನ್ನ ಬಳಿ ಬಂದು ಕೂತಳು.

"ಅಜ್ಜಿ, ಹುಟ್ಟುಹಬ್ಬ ಅಂದ್ಬಿಡ್ಲಾ? ಒಂದು ಮಾತು ತಾನೆ."

"ಆ ಮಗು ಎರಡು ದಿನ ಹೋಮದ ಹೊಗೇಲಿ ಕೂತು ಮದುವೆ ಆಗಿದೆ. ಅದನ್ನ ಕೇಕು ಅಂತ ಹೇಳಿ ವಿಮಾನ ಹತ್ತೋ ಹಾಗಿದ್ರೆ ಹತ್ತಲೇಬೇಡ."

ಅವಳಪ್ಪ, ನನ್ನ ಹಿರಿಯ ಮಗ, ಬಾಗಿಲಲ್ಲೇ ನಿಂತಿದ್ದ.

"ಅಮ್ಮ, ನಿಮ್ಮ ಗತ್ತಿಗೆ ಅವಳ ವರ್ಷ ಹೋಗುತ್ತೆ. ಹೋದ ವರ್ಷಾನ ನೀವು ತಂದುಕೊಡ್ತೀರಾ?"

ಆಗಿನಿಂದ ಮಗ ನನ್ನ ಜೊತೆ ಅವಲಕ್ಕಿ ತಿನ್ನಲೂ ಕೂರುತ್ತಿಲ್ಲ. ಸುಳ್ಳು ಹೇಳುವುದಿಲ್ಲ ಎಂದು ರಸಿಲಾ ಒಪ್ಪಿದ್ದಾಳೆ. ಹೆದರಿ ಒಪ್ಪಿದಳೋ ಮನಸಾರೆ ಒಪ್ಪಿದಳೋ, ಕೇಳಲು ನನಗೇ ಧೈರ್ಯವಿಲ್ಲ.

ಆದ್ದರಿಂದ ಇದು ಬಿನ್ನಹವಲ್ಲ, ಬೇಡಿಕೆ. ಗುರುವಾರ ಅದೇ ಪ್ರಶ್ನೆ ಕೇಳಿ, ಅದೇ ಉತ್ತರ ಬರುತ್ತದೆ. ಗದರಬೇಡಿ. ಹಾಗೆಂದರೇನಮ್ಮ ಎಂದು ಇನ್ನೊಂದು ಪ್ರಶ್ನೆ ಕೇಳಿ. ಪ್ರಶ್ನೆ ಕೇಳುವುದಕ್ಕೇ ಅಲ್ಲವೇ ನಿಮಗೆ ಸಂಬಳ? ಅದಾದ ಮೇಲೂ ವೀಸಾ ಕೊಡಲು ಮನಸ್ಸಾಗದಿದ್ದರೆ ಚೀಟಿಯಲ್ಲಿ 'ನಂಬಲರ್ಹವಲ್ಲ' ಎಂದು ಬರೆಯಬೇಡಿ. 'ನಮಗೆ ಅರ್ಥವಾಗಲಿಲ್ಲ' ಎಂದು ಬರೆದು, ಕೆಳಗೆ ನಿಮ್ಮ ಸಹಿ ಹಾಕಿ.

ಇಂತಿ,
ನಿಜ ಹೇಳೆಂದು ಮೊಮ್ಮಗಳನ್ನು ಕಳಿಸಿ, ಗುರುವಾರದ ನಂತರ ಮಗನಿಗೆ ಹೇಗೆ ಮುಖ ತೋರಿಸುವುದೆಂದು ತಿಳಿಯದ
ತೀರ್ಥಮಾಯಾ ತಾಮ್ರಕಾರ್
ಪಾಟನ್