ಅತ್ತೆ ಬೋರ್ಡಿನಿಂದ ಇಳಿದರು

ಮನೆ, ಅಡುಗೆಮನೆಯ ಮೇಜಿನಿಂದ
ಮಾರ್ಚ್ ೧೨, ಬುಧವಾರ ಬೆಳಿಗ್ಗೆ

ಪ್ರೀತಿಯ ಅತ್ತೆಗೆ, ನಿಮ್ಮ ಹಿರಿಸೊಸೆಯ ನಮಸ್ಕಾರ.

ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತುವಾಗ ಈಗಲೂ ಕಟಕಟ ಅನ್ನುತ್ತದೆಯೇ? ಕನ್ನಡಕದ ಬಲಗಡೆಯ ಕಡ್ಡಿ ಸಡಿಲವಾಗಿದೆ, ತಲೆ ಬಗ್ಗಿಸಿದರೆ ಮೂಗಿನ ತುದಿಗೆ ಜಾರುತ್ತದೆ ಎಂದು ನಿಮ್ಮ ಮೊಮ್ಮಗಳು ಹೇಳಿದಳು. ದಯವಿಟ್ಟು ಅಲ್ಲಿ ಯಾರ ಕೈಗೂ ಕೊಡಬೇಡಿ. ಇಕ್ಕಳ ಹಿಡಿದು ತಿರುಚಿಬಿಡುತ್ತಾರೆ. ಅದರ ಸ್ಕ್ರೂ ಸಾಸಿವೆ ಕಾಳಿಗಿಂತ ಸಣ್ಣದು, ಅದಕ್ಕೆ ಬೇರೆಯದೇ ಸ್ಕ್ರೂ ಡ್ರೈವರ್ ಬೇಕು. ಹೊಸ ಹಲ್ಲಿನ ಸೆಟ್ಟು ಒಸಡಿಗೆ ಒತ್ತುವುದು ನಿಂತಿತೇ?

ಮೊದಲು ಆರೋಗ್ಯ, ಆಮೇಲೆ ಸಮಾಚಾರ ಎಂದು ನೀವೇ ಕಲಿಸಿದ್ದು. ಆರೋಗ್ಯ ಕೇಳಿ ಆಯಿತು. ಇನ್ನು ನನ್ನಿಂದ ತಡೆಯಲಾಗುವುದಿಲ್ಲ. ಅತ್ತೆ, ಬೋರ್ಡು ಇಳಿಯಿತು! ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ, ನನ್ನ ಕಣ್ಣೆದುರಿಗೇ ಇಳಿಯಿತು. ಕಣ್ಣೆದುರಿಗೆ ಏನು, ಏಣಿ ಹಿಡಿದುಕೊಂಡು ನಿಂತವಳೇ ನಾನು. ಎಂಟಡಿ ಉದ್ದದ ಫ್ಲೆಕ್ಸು ಬಿಚ್ಚಿಕೊಂಡು ಬಂದು ನನ್ನ ತಲೆಯ ಮೇಲೆಯೇ ಬಿತ್ತು. ಒಂದು ನಿಮಿಷ ನಿಮ್ಮ ಮುಖದೊಳಗೆ ಸಿಕ್ಕಿಕೊಂಡು ದಾರಿ ಕಾಣದೆ ಒದ್ದಾಡಿದೆ. ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಕುಣಿಯುವುದೊಂದು ಬಾಕಿ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು, ನೀವು ಎತ್ತಿದ್ದರೆ. ನಿಮ್ಮ ದೊಡ್ಡ ಮಗ ಮಾಡಿದರೆ ಎತ್ತುತ್ತೀರಿ, ಮೊಮ್ಮಗಳ ಜೊತೆ ಅರ್ಧ ಗಂಟೆ ಮಾತಾಡುತ್ತೀರಿ. ನಾನು ಮಾಡಿದಾಗ ಮಾತ್ರ ನಿಮಗೆ ಸ್ನಾನದ ಹೊತ್ತು. ಐದು ತಿಂಗಳಲ್ಲಿ ಇಷ್ಟೊಂದು ಸ್ನಾನ ಮಾಡಿದವರು ಲೋಕದಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಕೋಪ ಮಾಡಿಕೊಳ್ಳಬೇಡಿ, ತಮಾಷೆಗೆ ಬರೆದೆ. ಎತ್ತದೇ ಇದ್ದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತೇನೋ. ಎತ್ತಿದ್ದರೆ ನಾನು ಮತ್ತೆ ಬಡಬಡನೆ ಏನಾದರೂ ತಪ್ಪನ್ನೇ ಹೇಳುತ್ತಿದ್ದೆ. ಕಾಗದವಾದರೆ ಯೋಚಿಸಿ ಬರೆಯಬಹುದು, ಯಾರೂ ಫಾರ್ವರ್ಡ್ ಮಾಡುವಂತೆಯೂ ಇಲ್ಲ. ಕನ್ನಡದಲ್ಲಿ ಇಷ್ಟುದ್ದ ಬರೆದು ವರ್ಷಗಳೇ ಆದವು. ತಪ್ಪು ಕಂಡರೆ, ನೀವು ನನಗಿಟ್ಟ ಹೆಸರಿನಲ್ಲೇ, 'ನಮ್ಮ ಕಾನ್ವೆಂಟು ಇಷ್ಟಾದರೂ ಬರೀತಲ್ಲ' ಎಂದುಕೊಂಡು ಮುಂದೆ ಓದಿ.

ತಪ್ಪನ್ನು ಮೊದಲಿನಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದೇ. ಆದರೂ ನನಗೆ ಎಷ್ಟು ಅರ್ಥವಾಗಿದೆ ಎಂದು ನಿಮಗೆ ತಿಳಿಯಬೇಕಲ್ಲ. ಆಗಸ್ಟಿನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬರುವಾಗ ಆ ಸೂಪಿನ ಅಂಗಡಿಗೆ ಹೋದೆವು. ಹೊಸ ಸೆಟ್ಟು ಒತ್ತುತ್ತದೆ ಎಂದು ನೀವು ಅದನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿದ್ದಿರಿ. ಸೂಪು ಬಂತು, ನೀವು ಬಾಯಿ ತುಂಬ ನಕ್ಕಿರಿ, ನಾನು ಫೋಟೋ ತೆಗೆದೆ. ಅಂದು ಸಂಜೆಯೇ ಅಂಗಡಿಯ ಮ್ಯಾಪಿನ ಪುಟದಲ್ಲಿ ಐದು ನಕ್ಷತ್ರ ಕೊಟ್ಟು, 'ಈ ರಸ್ತೆಯಲ್ಲಿ ಇಂಥ ಸೂಪು ಇನ್ನೆಲ್ಲೂ ಇಲ್ಲ, ನಮ್ಮ ಅತ್ತೆಯ ಮುಖವೇ ಸಾಕ್ಷಿ' ಎಂದು ಬರೆದು ಆ ಫೋಟೋ ಹಾಕಿದೆ. ನನ್ನ ಸ್ವಂತ ಪುಟದಲ್ಲೂ ಹಾಕಿದೆ. ನಿಮ್ಮನ್ನು ಒಂದು ಮಾತು ಕೇಳಲಿಲ್ಲ. ದಿನಕ್ಕೆ ಇಪ್ಪತ್ತು ಜನರ ಮುಖ ನೋಡುವುದೇ ನನ್ನ ಉದ್ಯೋಗ. ಕನ್ನಡಕ ಕೂರಿಸುವ ಮುಂಚೆ ಪ್ರತಿಯೊಬ್ಬರಿಗೂ 'ಮುಟ್ಟಲೇ?' ಎಂದು ಕೇಳಿಯೇ ಕೈ ಮುಂದೆ ಮಾಡುತ್ತೇನೆ. ಹತ್ತೊಂಬತ್ತು ವರ್ಷದ ಅಭ್ಯಾಸ. ಗಿರಾಕಿಯ ಕಿವಿ ಮುಟ್ಟಲು ಅಪ್ಪಣೆ ಬೇಡುವವಳು ಮನೆಯವರ ಮುಖವನ್ನು ಕೇಳದೆ ಬೀದಿಗೆ ಹಂಚಿದೆ. ಸಲುಗೆ ಎಂದುಕೊಂಡೆ. ಸಲುಗೆಯೋ ಅಸಡ್ಡೆಯೋ, ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಅಕ್ಟೋಬರಿನಲ್ಲಿ ಅಂಗಡಿಯವರು ಅದನ್ನು ಫ್ಲೆಕ್ಸು ಮಾಡಿಸಿ ಬಾಗಿಲ ಮೇಲೆ ಕಟ್ಟಿದರು. ನೀವು ಬಸ್ಸಿನಿಂದ ಅದನ್ನು ನೋಡಿದಿರಿ. ಪಕ್ಕದ ಸೀಟಿನ ಹೆಂಗಸು ನಿಮ್ಮನ್ನು ನೋಡಿ, ಬೋರ್ಡನ್ನು ನೋಡಿ, ಮತ್ತೆ ನಿಮ್ಮನ್ನು ನೋಡಿದಳಂತೆ. ಮಾರನೆಯ ದಿನವೇ ಚಿಕ್ಕ ಮಗನ ಮನೆಗೆ ಹೊರಟುಬಿಟ್ಟಿರಿ. ನಾನು ಫೋನ್ ಮಾಡಿ ಸಮಾಧಾನ ಮಾಡುವವಳ ಹಾಗೆ 'ಹಲ್ಲಿಲ್ಲದಿದ್ದರೇನು ಅತ್ತೆ, ಎಷ್ಟು ಮುದ್ದಾಗಿ ಕಾಣ್ತೀರಿ' ಅಂದೆ. 'ಹಲ್ಲಲ್ಲ ಕಣೇ' ಅಂದು ನೀವು ಫೋನಿಟ್ಟಿರಿ. ಅದೇ ಕೊನೆಯ ಮಾತು.

ಹಲ್ಲಲ್ಲದಿದ್ದರೆ ಮತ್ತೇನು? ನನಗೆ ಹೊಳೆಯಲೇ ಇಲ್ಲ. ಹೊಳೆಯದಿದ್ದರೂ ಸರಿ, ಮೊದಲು ಫೋಟೋ ತೆಗೆಸೋಣ ಎಂದು ಹೊರಟೆ. ನಾನು ಹಾಕಿದ್ದನ್ನು ಎರಡು ಕಡೆಯೂ ಅಳಿಸಿ ಕೈ ಒರೆಸಿಕೊಂಡೆ. ಮಗಳು ನಕ್ಕಳು: 'ಅಮ್ಮಾ, ಹಾಲು ಚೆಲ್ಲಿದ ಮೇಲೆ ಪಾತ್ರೆ ತೊಳೆದ ಹಾಗಾಯ್ತು.' ಒಂದು ಫೋಟೋ ಕೊಟ್ಟರೆ ಅದು ಇನ್ನೆಲ್ಲೆಲ್ಲಿದೆ ಎಂದು ಹುಡುಕಿಕೊಡುವ ವ್ಯವಸ್ಥೆ ಇದೆ, ಅದನ್ನು ಅವಳೇ ಕಲಿಸಿದಳು. ಹುಡುಕಿದರೆ, ಬೋರ್ಡೂ ಸೇರಿ ಹನ್ನೊಂದು ಕಡೆ ಇದ್ದೀರಿ ಅತ್ತೆ! 'ಊರಿನಲ್ಲಿ ಹೊಟ್ಟೆ ತುಂಬ ತಿನ್ನಲು ಹತ್ತು ಜಾಗಗಳು' ಎಂಬ ಪಟ್ಟಿಯಲ್ಲಿ ಇದ್ದೀರಿ. ಯಾರೋ ಅಡುಗೆ ಕಲಿಸುವವನ ವಿಡಿಯೋದಲ್ಲಿ ಅರ್ಧ ನಿಮಿಷ ಇದ್ದೀರಿ. 'ಶುಭೋದಯ' ಎಂದು ಬರೆದ ಸ್ಟಿಕ್ಕರಿನಲ್ಲಿ, ತಲೆಯ ಸುತ್ತ ಗುಲಾಬಿ ಹೂ ಇಟ್ಟುಕೊಂಡು ಇದ್ದೀರಿ. ಎಲ್ಲಕ್ಕಿಂತ ಮೇಲಿನದು ಕೇಳಿ. ಯಾವುದೋ ದೂರದೇಶದ ಹಲ್ಲಿನ ಆಸ್ಪತ್ರೆಯ ಜಾಹೀರಾತಿನಲ್ಲಿ ನಿಮ್ಮ ಮುಖದ ಕೆಳಗೆ 'ಮೊದಲು' ಎಂದಿದೆ, ಪಕ್ಕದಲ್ಲಿ ಮೂವತ್ತೆರಡು ಹಲ್ಲು ಕಿರಿದು ನಿಂತ ಮೂವತ್ತರ ಹುಡುಗಿಯ ಕೆಳಗೆ 'ನಂತರ' ಎಂದಿದೆ! ನಿಮ್ಮ ಮಗ ನೋಡಿ 'ಇಷ್ಟು ಒಳ್ಳೆ ಡಾಕ್ಟರು ನಮಗೆ ಯಾಕೆ ಸಿಗಲಿಲ್ಲ' ಅಂದರು.

ಒಬ್ಬೊಬ್ಬರಿಗೂ ಬರೆದೆ. ಉತ್ತರ ಬರದಿದ್ದರೆ ಎಂಟು ದಿನಕ್ಕೊಮ್ಮೆ ಮತ್ತೆ ಬರೆದೆ. ನನ್ನ ಕಾನ್ವೆಂಟಿನ ಇಂಗ್ಲಿಷು ಈ ಮನೆಗೆ ಮೊದಲ ಸಲ ಉಪಯೋಗಕ್ಕೆ ಬಂತು. ಆಸ್ಪತ್ರೆಯವರು 'ಕ್ಷಮಿಸಿ, ಈಕೆ ನಮ್ಮ ರೋಗಿ ಎಂದೇ ತಿಳಿದಿದ್ದೆವು' ಎಂದು ಬರೆದು ತೆಗೆದರು. ಒಂದೊಂದಾಗಿ ಒಂಬತ್ತು ಹೋದವು. ಸ್ಟಿಕ್ಕರು ಮಾತ್ರ ಹೋಗುವುದಿಲ್ಲ ಅತ್ತೆ. ಯಾರ ಯಾರ ಫೋನಿನಲ್ಲಿದೆಯೋ ಹೇಗೆ ತಿಳಿಯುವುದು? ಎಲ್ಲ ಅಳಿಸಿದೆ ಎಂದು ನಿಮಗೆ ಸುಳ್ಳು ಹೇಳುವುದಿಲ್ಲ. ಹತ್ತು ಹೋಗಿದೆ, ನಿನ್ನೆಯ ಬೋರ್ಡೂ ಸೇರಿ.

ಈಗ ಕಷ್ಟದ ಭಾಗ. ಜನವರಿಯಲ್ಲಿ ಒಂದು ದೂರಿನ ಫಾರಂ ತುಂಬುತ್ತಿದ್ದೆ, ಅದರಲ್ಲಿ ಫೋಟೋ ಹಾಕಿದ ದಿನಾಂಕ ಕೇಳಿದ್ದರು. ಅಳಿಸುವ ಮುಂಚೆ ಮಗಳು ನನ್ನ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದಳು, ಅದನ್ನು ತೆರೆದೆ. ಆಗಸ್ಟ್ ೯. ನೋಡಿದವಳೇ ಬೆರಳು ಮಡಿಸಿ ಎಣಿಸಿದೆ. ಮಾವ ಹೋಗಿ ನಲವತ್ತೊಂದು ದಿನ. ಫೋಟೋದ ಕೆಳಗೆ ನಿಮ್ಮ ನಾದಿನಿ ಬರೆದಿದ್ದರು: 'ಅಣ್ಣ ಹೋಗಿ ನಲವತ್ತು ದಿನ. ಅತ್ತಿಗೆಗೆ ಹೋಟೆಲಿನ ಸೂಪು, ಇಷ್ಟಗಲ ನಗು. ಚೆನ್ನಾಗಿದೆ.' ಅದರ ಪಕ್ಕದಲ್ಲಿ ಒಂದು ಕೆಂಪು ಹೃದಯ. ಒತ್ತಿದವಳು ನಾನು. ಆ ಸಂಜೆ ಬಂದ ಮಾತಿಗೆಲ್ಲ ಮುದ್ರೆ ಹೊಡೆದ ಹಾಗೆ ಸಾಲಾಗಿ ಹೃದಯ ಒತ್ತುತ್ತಾ ಹೋಗಿದ್ದೆ, ಕೊನೆಯ ಪದ 'ಚೆನ್ನಾಗಿದೆ' ಎಂದಷ್ಟೇ ಕಣ್ಣಿಗೆ ಬಿದ್ದಿರಬೇಕು. ನಿಮಗೆ ಅದು ಆಗಲೇ ಮೊಮ್ಮಗಳ ಫೋನಿನಲ್ಲಿ ಕಂಡಿತ್ತಂತೆ, ಕೇಳಿದ ಮೇಲೆ ಅವಳೇ ಹೇಳಿದಳು. ನಾದಿನಿಯ ಮಾತು, ಅದಕ್ಕೆ ಸೊಸೆಯ ಹೃದಯ. ಎರಡು ತಿಂಗಳು ಬಾಯಿ ಬಿಡದೆ ನನ್ನ ಜೊತೆ ಊಟ ಮಾಡಿದಿರಿ. ಬೋರ್ಡು ನೋಡಿದ ಮೇಲೆ ತಡೆಯಲಾಗಲಿಲ್ಲ. 'ಹಲ್ಲಲ್ಲ ಕಣೇ.' ಅತ್ತೆ, ನನಗೆ ಅರ್ಥವಾಗಲು ಮೂರು ತಿಂಗಳು ಬೇಕಾಯಿತು.

ನೀವು ಯಾಕೆ ನಕ್ಕಿರಿ ಎಂದು ನನಗಲ್ಲದೆ ಇನ್ನಾರಿಗೆ ಗೊತ್ತಿತ್ತು? ನಾನು ನನ್ನ ಸೂಪು ಹೇಳಿಕೊಂಡೆ, ನೀವು ಅಭ್ಯಾಸಬಲದಿಂದ ಮಾವನನ್ನೂ ಸೇರಿಸಿ 'ನಮಗೆ ಎರಡು' ಅಂದಿರಿ. ಮೂರು ಬಟ್ಟಲು ಬಂತು. ಖಾಲಿ ಕುರ್ಚಿಯ ಮುಂದೆ ಆವಿ ಏಳುತ್ತಿದ್ದ ಮೂರನೇ ಬಟ್ಟಲನ್ನು ನೀವು ನೋಡಿದಿರಿ. 'ಎಲ್ಲಿದ್ರೂ ಊಟದ ಹೊತ್ತಿಗೆ ಸರಿಯಾಗಿ ಬಂದು ಕೂರೋರು. ಇವತ್ತೊಂದಿನ ತಡ ಮಾಡಿದ್ರು ನೋಡೇ' ಅಂದು ನಕ್ಕಿರಿ. ನಲವತ್ತೊಂದು ದಿನದಲ್ಲಿ ಅದೇ ಮೊದಲ ನಗು. ನನಗೆ ಎಷ್ಟು ಸಂತೋಷವಾಯಿತೆಂದರೆ ಕೈ ತಾನಾಗಿ ಫೋನಿಗೆ ಹೋಯಿತು. ತೆಗೆದದ್ದು ತಪ್ಪಲ್ಲವೇನೋ. ಮನೆಗೆ ಬಂದು, ಅಂದವಾಗಿ ಕಾಣಲಿ ಎಂದು ಫೋಟೋದ ಎಡಗಡೆ ಕತ್ತರಿಸಿದೆ. ಕುರ್ಚಿ ಹೋಯಿತು, ಮೂರನೇ ಬಟ್ಟಲು ಹೋಯಿತು. ಉಳಿದದ್ದು ಸೂಪಿಗೆ ನಗುವ ಹೆಂಗಸು. ಮಾವನ ಜೊತೆಗಿನ ನಿಮ್ಮ ನಗುವನ್ನು ಅಂಗಡಿಯ ಜಾಹೀರಾತು ಮಾಡಿದವರು ಅಂಗಡಿಯವರಲ್ಲ, ನಾನು.

ಅಂಗಡಿಯ ಯಜಮಾನರ ಹತ್ತಿರ ಮೊದಲೆರಡು ಸಲ ಹೋದಾಗ ಬರಿಗೈಯಲ್ಲಿ ಬಂದಿದ್ದೆ. 'ಏನ್ ಮೇಡಂ, ಜನ ಬಂದು ಆ ಅಜ್ಜಿ ಕುಡಿದಿದ್ದೇ ಕೊಡಿ ಅಂತಾರೆ. ಅಜ್ಜೀನ ಇಳಿಸಿದ್ರೆ ನನ್ನ ಸೂಪು ಯಾರು ಕುಡೀತಾರೆ? ಅಲ್ದೆ, ಫೋಟೋ ಹಾಕಿದ್ದು ನೀವೇ ಅಲ್ವಾ?' ಅಂದಿದ್ದರು. ನಿನ್ನೆ ಮೂರನೇ ಸಲ. ವಾದ ಮಾಡಲಿಲ್ಲ. 'ತಪ್ಪು ನನ್ನದೇ. ಆ ನಗು ನಿಮ್ಮ ಸೂಪಿನದಲ್ಲ, ಅವರ ಮನೆಯದು. ಅವರ ಯಜಮಾನರು ತೀರಿಕೊಂಡು ಆಗ ನಲವತ್ತೊಂದು ದಿನವಾಗಿತ್ತು' ಎಂದಷ್ಟೇ ಹೇಳಿದೆ. ಬಟ್ಟಲಿನ ಮಾತು ಎತ್ತಲಿಲ್ಲ, ಅದನ್ನು ನಿಮ್ಮನ್ನು ಕೇಳದೆ ಹೇಳುವಂತಿಲ್ಲ. ಒಳಗಿನಿಂದ ಅವರ ಹೆಂಡತಿ ಸೌಟು ಹಿಡಿದುಕೊಂಡೇ ಬಂದರು. ಅವತ್ತು ನಮಗೆ ಬಡಿಸಿದವರು ಅವರೇ. ನನ್ನ ಗುರುತು ಹಿಡಿದು, 'ಮೂರು ಹೇಳಿ ಇಬ್ಬರೇ ಕೂತಿದ್ರಲ್ಲ, ಆ ಅಮ್ಮನಾ?' ಅಂದರು. ನಾನು ತಲೆಯಾಡಿಸಿದೆ. ಅವರು ಸೌಟನ್ನು ಮೇಜಿನ ಮೇಲಿಟ್ಟು ಗಂಡನ ಕಡೆ ತಿರುಗಿದರು. 'ಹಾಕೋ ಮುಂಚೆ ಆ ಅಮ್ಮನ್ನ ಒಂದು ಮಾತು ಕೇಳಿದ್ರಾ?' ಅಂದರು. 'ಎಲ್ಲಾ ಹಾಕ್ತಾರಪ್ಪ, ಅದರಲ್ಲೇನಿದೆ' ಎಂದು ಗಂಡ ಗೊಣಗಿದರು. ಈಕೆ ತಮ್ಮ ಫೋನು ತೆಗೆದು ಅವರ ಮೂಗಿನ ಮುಂದೆ ಹಿಡಿದರು. ಗಲ್ಲಾದ ಕುರ್ಚಿಯಲ್ಲಿ ಯಜಮಾನರು ಬಾಯಿ ಕಳೆದುಕೊಂಡು ನಿದ್ದೆ ಮಾಡುತ್ತಿರುವ ಫೋಟೋ, ಒಳಗೊಂದು ಗುಬ್ಬಿ ಗೂಡು ಕಟ್ಟಬಹುದು! 'ನಿನ್ನೆ ಮಧ್ಯಾಹ್ನದ್ದು. ಎಂಟಡಿ ಮಾಡಿಸ್ಲಾ?' ಯಜಮಾನರು ಎದ್ದು ಏಣಿ ತಂದರು.

ಬೋರ್ಡು ಬಿಚ್ಚುವಾಗ ದಿನಾ ಬರುವ ಗಿರಾಕಿಯೊಬ್ಬರು 'ಇದೇನು, ಅಜ್ಜಿ ಎಲ್ಲಿಗೆ ಹೊರಟ್ರು?' ಎಂದು ಕೇಳಿದರು. ಆಕೆ ಫ್ಲೆಕ್ಸು ಸುರುಳಿ ಸುತ್ತಿ ನನ್ನ ಕೈಗೆ ಕೊಡುತ್ತಾ 'ಮನೆಗೆ' ಅಂದರು. ಅತ್ತೆ, ಆ ಒಂದು ಮಾತು ಕೇಳಿ ನಾನು ಬಸ್ಸಿಗೂ ಕಾಯದೆ ಎರಡು ಮೈಲಿ ನಡೆದುಬಂದೆ, ನಿಮ್ಮನ್ನು ಹೆಗಲ ಮೇಲೆ ಹೊತ್ತುಕೊಂಡು.

ಈಗ ಅದು ನಿಮ್ಮ ಹೊಲಿಗೆ ಯಂತ್ರದ ಪಕ್ಕ ಗೋಡೆಗೆ ಒರಗಿ ನಿಂತಿದೆ. ನೀರಿನ ಟ್ಯಾಂಕಿಗೆ ಹೊದಿಸೋಣ ಎಂದು ನಿಮ್ಮ ಮಗ, ಕತ್ತರಿಸಿಬಿಡೋಣ ಎಂದು ಮೊಮ್ಮಗಳು. ಕೈಗೆ ಸಿಕ್ಕಿದ್ದು ನಿಮ್ಮ ದೊಡ್ಡ ಕತ್ತರಿ. 'ಬಟ್ಟೆ ಬಿಟ್ಟು ಬೇರೇನಾದರೂ ಕತ್ತರಿಸಿದರೆ ಕೈ ಮುರೀತೀನಿ' ಎಂಬ ನಿಮ್ಮ ಶಾಸನ ನೆನಪಾಯಿತು. ಫ್ಲೆಕ್ಸು ಬಟ್ಟೆಯೋ ಅಲ್ಲವೋ ಎಂದು ಮನೆಯಲ್ಲಿ ಅರ್ಧ ಗಂಟೆ ಚರ್ಚೆ ನಡೆದು ತೀರ್ಮಾನವಾಗಲಿಲ್ಲ. ತೀರ್ಪು ನಿಮ್ಮದು. ಅಲ್ಲಿಯವರೆಗೆ ಕತ್ತರಿಯನ್ನೂ ಮುಟ್ಟುವುದಿಲ್ಲ, ಫ್ಲೆಕ್ಸನ್ನೂ ಮುಟ್ಟುವುದಿಲ್ಲ.

ಕನ್ನಡಕದ ಅಂಗಡಿ ತೆರೆಯುವ ಹೊತ್ತಾಯಿತು, ಏಳುತ್ತೇನೆ. ನನ್ನ ಓರಗಿತ್ತಿಗೂ ಮೈದುನನಿಗೂ ನೆನಪು ತಿಳಿಸಿ. ಮೊಣಕಾಲಿಗೆ ರಾತ್ರಿ ಬಿಸಿನೀರಿನ ಶಾಖ ತಪ್ಪಿಸಬೇಡಿ. ಕೋಪ ಇನ್ನೂ ಉಳಿದಿದ್ದರೆ ಇರಲಿ, ಅದಕ್ಕೂ ಹಕ್ಕಿದೆ. ನಿಮ್ಮ ಆಶೀರ್ವಾದದಲ್ಲಿ ಒಂದು ಚಿಟಿಕೆ ನನಗೂ ಮಿಗಿಸಿ.

ನಿಮ್ಮ
ಕಾನ್ವೆಂಟು

ಲಕೋಟೆ ಅಂಟಿಸುವ ಮುಂಚೆ: ಒಳಗೆ ಒಂದು ಫೋಟೋ ಇದೆ, ಹೆದರಬೇಡಿ. ಇದು ಅದಲ್ಲ, ಕತ್ತರಿಸದೇ ಇರುವುದು. ಎಡಗಡೆ ನೋಡಿ, ಕುರ್ಚಿ ಇದೆ, ಮೂರನೇ ಬಟ್ಟಲು ಇದೆ, ಆವಿ ಕೂಡ ಬಂದಿದೆ. ಸ್ಟುಡಿಯೋದಲ್ಲಿ ಒಂದೇ ಪ್ರತಿ ಹಾಕಿಸಿ ನನ್ನ ಫೋನಿನಿಂದ ಅಳಿಸಿದ್ದೇನೆ. ಇಟ್ಟುಕೊಂಡರೂ ಹರಿದರೂ ನಿಮ್ಮದೇ. ಇನ್ನೊಂದು, ನಿಜವಾಗಿ ಇದನ್ನು ಕೇಳಲೆಂದೇ ಇಷ್ಟೆಲ್ಲ ಬರೆದೆ: ಭಾನುವಾರ ಬೆಳಗಿನ ಬಸ್ಸಿಗೆ ಬರಲೇ? ಸಣ್ಣ ಸ್ಕ್ರೂ ಡ್ರೈವರ್ ತರುತ್ತೇನೆ, ಫೋನು ಮನೆಯಲ್ಲೇ ಬಿಟ್ಟು ಬರುತ್ತೇನೆ. ಬೇಡ ಎಂದರೆ ಖಂಡಿತ ಬರುವುದಿಲ್ಲ. ಆದರೆ 'ಬೇಡ' ಎನ್ನುವುದಕ್ಕಾದರೂ, ಶನಿವಾರ ನಾನು ಫೋನ್ ಮಾಡಿದಾಗ ಸ್ನಾನಕ್ಕೆ ಹೋಗಬೇಡಿ.